ಬಾಗಿದ ಕೊಂಬೆಯಲ್ಲಿ ಹೂವು

ಇಂಗ್ಲೆಂಡಿನ ಕೆಂಟ್ ಪ್ರಾಂತದ ಸಿಸಿಂಗ್‌ಹರ್ಸ್ಟ್ ಉದ್ಯಾನಕ್ಕೆ ಹೂಗಾಲದಲ್ಲಿ ಹೋಗುವವರೇ ಬಹಳ. ನಾವು ಹೋದದ್ದು ನವೆಂಬರ್ ತಿಂಗಳ ಚಳಿಯಲ್ಲಿ. ಲಂಡನ್ನಿನ ಬಂಧುಗಳೊಡನೆ ಸ್ಟೇಪಲ್‌ಹರ್ಸ್ಟ್‌ವರೆಗೆ ರೈಲಿನಲ್ಲಿ ಪಯಣಿಸಿ ಅಲ್ಲಿಂದ ಉದ್ಯಾನವನ್ನು ತಲುಪಿದಾಗ ಕಂಡದ್ದು ಹೂವಲ್ಲ. ಕೆಂಪು ಇಟ್ಟಿಗೆಯ ಗೋಡೆಗಳು, ಅವುಗಳಿಗೆ ಒರಗಿಸಿದ ಏಣಿಗಳು, ಕತ್ತರಿ ಹಿಡಿದ ತೋಟಗಾರರು.

ಲೇಖಕಿ ವೀಟಾ ಸ್ಯಾಕ್‌ವಿಲ್-ವೆಸ್ಟ್ ಮತ್ತು ಅವರ ಪತಿ ಹೆರಾಲ್ಡ್ ನಿಕೋಲ್ಸನ್ 1930ರಲ್ಲಿ ಪಾಳುಬಿದ್ದಿದ್ದ ಈ ಸ್ಥಳವನ್ನು ಕೊಂಡು, ಆ ವರ್ಷವೇ ದಕ್ಷಿಣ ಕುಟೀರದ ಗೋಡೆಗೆ ‘ಮದಾಂ ಆಲ್ಫ್ರೆಡ್ ಕ್ಯಾರಿಯೇರ್’ ಎಂಬ ಬಿಳಿಯ ಬಳ್ಳಿಗುಲಾಬಿಯನ್ನು ನೆಟ್ಟರು. ಅದು 1879ರ ಫ್ರೆಂಚ್ ತಳಿ. 1967ರಿಂದ ಉದ್ಯಾನವು ನ್ಯಾಷನಲ್ ಟ್ರಸ್ಟಿನ ರಕ್ಷಣೆಯಲ್ಲಿದೆ.

ಅಲ್ಲಿನ ಕ್ರಮವನ್ನು ನಾವು ಬಹು ಹೊತ್ತು ನಿಂತು ನೋಡಿದೆವು. ಮೊದಲು ಆ ವರ್ಷದ ಬೆಳವಣಿಗೆಯ ಬಹುಭಾಗವನ್ನು ಕತ್ತರಿಸುತ್ತಾರೆ. ಬಳಿಕ ಮರಗಟ್ಟಿದ ಒಂದೆರಡು ಮುದಿ ಕಾಂಡಗಳನ್ನು ಬುಡದ ಸಮೀಪದವರೆಗೂ ತೆಗೆಯುತ್ತಾರೆ. ಹೊಸ ಚಿಗುರಿಗೆ ಅದೇ ಎಡೆ. ಉಳಿದ ಕೊಂಬೆಗಳನ್ನು ನಡುವಿನಿಂದ ಆರಂಭಿಸಿ ಹೊರಕ್ಕೆ, ಒಂದೊಂದಾಗಿ ಬಾಗಿಸಿ ಗೋಡೆಗೆ ಕಟ್ಟುತ್ತಾರೆ. ನೆಟ್ಟಗೆ ನಿಂತ ಕೊಂಬೆಯ ತುದಿಮೊಗ್ಗು ಕೆಳಗಿನ ಮೊಗ್ಗುಗಳನ್ನು ಏಳಗೊಡುವುದಿಲ್ಲ, ಹೂವೆಲ್ಲ ನೆತ್ತಿಯಲ್ಲೇ. ಬಾಗಿಸಿದರೆ ಆ ತಡೆ ಸಡಿಲಗೊಂಡು ಉದ್ದಕ್ಕೂ ಮೊಗ್ಗೊಡೆಯುತ್ತದೆ. ವರ್ಷಕ್ಕೊಮ್ಮೆ ಮಾತ್ರ ಹೂಬಿಡುವ ತಳಿಗಳನ್ನು ಹೂ ಮುಗಿದ ಮೇಲೆ ಸವರುವುದುಂಟು.

ಇದನ್ನು ಕೇಳಿದಾಗ ನಮಗೆ ನಮ್ಮ ಹಿತ್ತಲು ನೆನಪಾಯಿತು. ಮಾತೃಶ್ರೀಯವರು ನೆಟ್ಟ ಬಳ್ಳಿಗುಲಾಬಿಯೊಂದು ಅಲ್ಲಿದೆ. ಅವರು ಲಿಂಗೈಕ್ಯರಾದ ಮೇಲೆ ಅದಕ್ಕೆ ಕತ್ತರಿ ತಾಗಿಸಲು ನಾವು ಯಾರಿಗೂ ಬಿಡಲಿಲ್ಲ. ಅವರ ಕೈ ಸೋಕಿದ ಕೊಂಬೆಯನ್ನು ಕಡಿಯುವುದೆಂತು? ವರುಷಗಳು ಸಂದಂತೆ ಬುಡ ಬೋಳಾಯಿತು, ಹೂವು ಮಾಳಿಗೆಯ ಮೇಲಕ್ಕೇರಿತು. ಪೂಜೆಗೆ ಹೂ ಕೊಯ್ಯುವ ಸೊಸೆ ಸಂತೆಯ ಹೂವಿಗೆ ಮೊರೆಹೊಕ್ಕಳು. ಭಕ್ತಿಯೆಂದು ನಾವು ತಿಳಿದದ್ದು ವಾಸ್ತವದಲ್ಲಿ ಉಪೇಕ್ಷೆಯಾಗಿತ್ತು.

ಮರುವರ್ಷ ಮಳೆಗಾಲ ಕಳೆದು ಅಕ್ಟೋಬರ್ ಬಂದಾಗ ನಾವೇ ಗರಗಸ ಹಿಡಿದೆವು. ಎಲ್ಲವನ್ನೂ ಒಮ್ಮೆಗೇ ಕಡಿಯಲಿಲ್ಲ. ಅತಿ ಹಳೆಯದಾದ ಒಂದು ಕಾಂಡವನ್ನಷ್ಟೇ ತೆಗೆದು, ಎರಡು ಎಳೆಯ ಕೊಂಬೆಗಳನ್ನು ಅಡ್ಡಲಾಗಿ ಕಟ್ಟಿದೆವು. ಕೈ ನಡುಗಿತೆಂಬುದನ್ನು ಓದುಗರಲ್ಲಿ ಮುಚ್ಚಿಡಲಾರೆವು. ಕೆಲವು ವಾರಗಳ ಬಳಿಕ ಬುಡದಲ್ಲಿ ಕೆಂಪು ಚಿಗುರೊಂದು ಮೂಡಿತು. ಅದನ್ನು ಮೊದಲು ಕಂಡವಳು ಸೊಸೆ. ಈಗ ಆಕೆ ಏಣಿಯಿಲ್ಲದೆ ಹೂ ಕೊಯ್ಯುತ್ತಾಳೆ.