ಬರೆಯದೆ ಬಿಟ್ಟ ಸಾಲು

1999ರ ಜೂನ್ ತಿಂಗಳು. ಕಾರ್ಗಿಲ್‌ನಲ್ಲಿ ಯುದ್ಧ ನಡೆದಿತ್ತು. ಇಳಕಲ್ಲಿನ ನಮ್ಮ ಓಣಿಯ ನೇಕಾರ ತಾಯಿಯೊಬ್ಬರು ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆಗೆ ಬಂದು, ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದ ಇನ್‌ಲ್ಯಾಂಡ್ ಪತ್ರವನ್ನು ನನ್ನ ಮುಂದಿಟ್ಟರು. ಅವರ ಮಗ ನನ್ನ ಹಳೆಯ ವಿದ್ಯಾರ್ಥಿ. ಸೈನ್ಯ ಸೇರಿ ಐದು ವರ್ಷವಾಗಿತ್ತು. ವಿಳಾಸದಲ್ಲಿ ನಂಬರು, ಹೆಸರು, ಯುನಿಟ್ಟು, ಕೊನೆಗೆ ‘56 ಎ.ಪಿ.ಓ.’ ಅಷ್ಟೇ. ಮಗ ಯಾವ ಬೆಟ್ಟದ ಬುಡದಲ್ಲಿದ್ದಾನೆ ಎಂಬುದು ಆ ವಿಳಾಸದಿಂದ ತಿಳಿಯುತ್ತಿರಲಿಲ್ಲ.

“ನಾ ಹೇಳ್ತೀನ್ರಿ ಮಾಸ್ತರ, ನೀವು ಬರೀರಿ” ಎಂದು ಗೋಡೆಗೆ ಒರಗಿ ಕೂತು ಹೇಳತೊಡಗಿದರು.

“ಹೊತ್ತಿಗೆ ಸರಿ ಉಣ್ಣು. ಕಿವಿಗೆ ಥಂಡಿ ಗಾಳಿ ಹೊಗದಂಗ ಟವೆಲ್ ಸುತ್ಕೋ. ಆಕಳ ಈದೈತಿ, ಹೆಣ್ಗರ. ಗಿಣ್ಣ ಮಾಡಿದ್ನಿ, ನಿನ್ನ ಪಾಲಿಂದು ಕಾಕಾನ ಮನಿಗೆ ಕೊಟ್ನಿ. ಮಿರಗದ ಮಳಿ ಜೋರು ಹಿಡದೈತಿ. ಮಗ್ಗದ ಮ್ಯಾಲ ಮಾಳಗಿ ಸೋರಾಕತ್ತೈತಿ. ಏನ್ ಮಾಡೂಣು, ನೀನಽ ಹೇಳು.”

ನಾನು ಬರೆದದ್ದು ಬೇರೆ. ತಾಯ್ನೆಲದ ಹಿಡಿ ಮಣ್ಣನ್ನೂ ವೈರಿಗೆ ಬಿಡಬೇಡ ಎಂದು ಬರೆದೆ. ಗೆದ್ದು ಬಾ, ಇಲ್ಲವೇ ವೀರಸ್ವರ್ಗ ಸೇರು, ನಿನ್ನ ತಾಯಿ ಕಣ್ಣೀರು ಹಾಕುವುದಿಲ್ಲ ಎಂದು ಬರೆದೆ. ಮನೆಯ ಚಿಂತೆ ಬಿಟ್ಟು ದೇಶದ ಚಿಂತೆ ಮಾಡು ಎಂದು ಮುಗಿಸಿದೆ. ಆಕಳು, ಗಿಣ್ಣ, ಮಾಳಿಗೆ ಒಂದೂ ಪತ್ರದೊಳಗೆ ಹೋಗಲಿಲ್ಲ. ಗುಂಡು ಹಾರುವ ಜಾಗಕ್ಕೆ ಇಂಥ ಸಣ್ಣ ಮಾತು ಯಾಕೆ ಎಂದು ನನಗೆ ಅನಿಸಿತ್ತು. ಆ ತಾಯಿಗೆ ಓದು ಬಾರದು. ನಾನು ಮಡಿಚಿ ಅಂಟಿಸಿಕೊಟ್ಟೆ. ಅವರು ಎರಡೂ ಕೈಯಿಂದ ತೆಗೆದುಕೊಂಡು ಹಣೆಗೊತ್ತಿಕೊಂಡು ಹೋದರು. ಆ ಮಳೆಗಾಲದಲ್ಲಿ ಹಾಗೆ ನಾಲ್ಕು ಪತ್ರ ಬರೆದೆ. ನಾಲ್ಕರಲ್ಲೂ ಅದನ್ನೇ ಮಾಡಿದೆ.

ಇದನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಿರಲಿಲ್ಲ. ನಾನು ಹಾಗೇಕೆ ಮಾಡಿದೆ ಎಂಬುದಕ್ಕೆ ನನ್ನ ಸಿನಿಮಾ ಪ್ರೀತಿಯ ಕತೆ ಹೇಳಬೇಕು.

ಯುದ್ಧದ ಚಿತ್ರ ಎಂದರೆ ನನಗೆ ಚಿಕ್ಕಂದಿನಿಂದ ಜೀವ. ಬಾದಾಮಿಯ ದೊರೆಯ ಮೇಲೆ ತೆಗೆದ ‘ಇಮ್ಮಡಿ ಪುಲಿಕೇಶಿ’ 1967ರ ಚಿತ್ರ. ರಾಜಕುಮಾರ್ ನಮ್ಮೂರ ಪಕ್ಕದ ರಾಜನಾಗಿ ತೆರೆಯ ಮೇಲೆ ಬಂದದ್ದು ನಮಗೆಲ್ಲ ಮನೆಯ ಹೆಮ್ಮೆ. ಹಿಂದಿಯ ‘ಹಕೀಕತ್’ 1964ರದು. 1962ರ ಯುದ್ಧದಲ್ಲಿ ಲಡಾಖಿನ ಹಿಮದಲ್ಲಿ ಸಿಕ್ಕಿಕೊಂಡ ಸೈನಿಕರ ಕತೆ. ರಫಿ, ತಲತ್, ಮನ್ನಾ ಡೇ, ಭೂಪಿಂದರ್ ನಾಲ್ವರ ದನಿಯಲ್ಲಿ ಸೈನಿಕರು ಮನೆಯವರನ್ನು ನೆನೆಯುವ ಹಾಡಿನ ದೃಶ್ಯ ಬಂದಾಗ ನಾನು ಉಸಿರು ಹಿಡಿದು ಕೂತಿದ್ದೆ. 1990ರಲ್ಲಿ ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’ ಬಂತು. ಕೊಡಗಿನ ಸೈನಿಕನಾಗಿ ವಿಷ್ಣುವರ್ಧನ್, ನರ್ಸ್ ಆಗಿ ಸುಹಾಸಿನಿ. ಅದರಲ್ಲಿ ಹಾಡಿದ ಬಾಲಮುರಳಿಕೃಷ್ಣ ಅವರ ದನಿಯನ್ನು ಟೇಪ್ ರೆಕಾರ್ಡರಿನಲ್ಲಿ ಹಾಕಿಕೊಂಡು ಎಷ್ಟು ರಾತ್ರಿ ಕೇಳಿದ್ದೇನೋ. ಆಮೇಲೆ 1997ರ ‘ಬಾರ್ಡರ್’. 1971ರ ಡಿಸೆಂಬರಿನಲ್ಲಿ ಲೋಂಗೆವಾಲಾ ಠಾಣೆ ಕಾಯ್ದವರ ಕತೆ. ಅದೇ ವರ್ಷ ಬಾಗಲಕೋಟೆ ಹೊಸ ಜಿಲ್ಲೆಯಾಗಿತ್ತು. ನಾನು ಅಲ್ಲಿಗೆ ಬಸ್ಸಿನಲ್ಲಿ ಹೋಗಿ ಮೂರು ಸಲ ನೋಡಿ ಬಂದೆ. ಮರಳುಗಾಡಿನ ಠಾಣೆಯಲ್ಲಿ ಸೈನಿಕರು ಊರಿಂದ ಬಂದ ಪತ್ರ ಬಿಚ್ಚಿಕೊಂಡು ಹಾಡುವ ದೃಶ್ಯ ನನಗೆ ಬಾಯಿಪಾಠ.

ಆದರೆ ಬಾಯಿಪಾಠವಾದದ್ದೇನು? ಆ ಪತ್ರಗಳಲ್ಲಿ ಇರುವುದೆಲ್ಲ ಮನೆಯ ಸುದ್ದಿ. ಯಾವಾಗ ಬರ್ತೀಯಾ, ನೀನಿಲ್ಲದೆ ಮನೆ ಬಣಗುಡುತ್ತಿದೆ ಎನ್ನುವ ಮಾತು. ಅದನ್ನು ಅಳುತ್ತ ನೋಡಿದವನಿಗೇ ನಿಜವಾದ ಅಂಥ ಪತ್ರವನ್ನು ಕೈಯಿಂದ ಬರೆಯುವ ಗಳಿಗೆ ಬಂದಾಗ ಅದು ಹೊಳೆಯಲಿಲ್ಲ. ನನ್ನ ಲೇಖನಿಗೆ ಬಂದದ್ದು ಕೊನೆಯ ರೀಲಿನ ಆರ್ಭಟ ಮಾತ್ರ.

ಪಾಠ ಹೇಳುವಾಗಲೂ ನನ್ನದು ಇದೇ ಚಾಳಿ. ಹುನಗುಂದ ತಾಲ್ಲೂಕಿನ ಮಕ್ಕಳನ್ನು ವರ್ಷಕ್ಕೊಮ್ಮೆ ಐಹೊಳೆಗೆ ಕರೆದೊಯ್ಯುತ್ತಿದ್ದೆ. ಮೇಗುತಿ ಗುಡ್ಡ ಹತ್ತಿಸಿ, 634ರಲ್ಲಿ ರವಿಕೀರ್ತಿ ಬರೆದ ಶಾಸನದ ಮುಂದೆ ನಿಲ್ಲಿಸಿ, ಇಮ್ಮಡಿ ಪುಲಿಕೇಶಿಯ ಎದುರು ಹರ್ಷನ ಆನೆಗಳು ಉರುಳಿದ್ದನ್ನು ಸಿನಿಮಾದಂತೆ ಬಣ್ಣಿಸುತ್ತಿದ್ದೆ. ಆ ಶಾಸನವಾದ ಎಂಟೇ ವರ್ಷಕ್ಕೆ, 642ರಲ್ಲಿ, ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಗೆದ್ದ. ಅವನ ಶಾಸನ ಬಾದಾಮಿಯ ಬಂಡೆಯ ಮೇಲೆಯೇ ಇದೆ. ಆ ಊರಿನ ಜನ ಆಗ ಏನಾದರು ಎಂದು ನಾನು ಒಮ್ಮೆಯೂ ಮಕ್ಕಳನ್ನು ಕೇಳಲಿಲ್ಲ. ವೀರಗಲ್ಲು ತೋರಿಸಿದಾಗಲೂ ಅಷ್ಟೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸ. ಮೂರು ಪಟ್ಟಿಕೆಗಳನ್ನೂ ವಿವರಿಸುತ್ತಿದ್ದೆ. ಅವನು ಬಿಟ್ಟುಹೋದ ಮನೆಗೆ ಅಲ್ಲಿ ಪಟ್ಟಿಕೆ ಇಲ್ಲ ಎಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮಗನ ಉತ್ತರಗಳನ್ನೂ ನಾನೇ ಓದಿ ಹೇಳುತ್ತಿದ್ದೆ. ಚೆನ್ನಾಗಿದ್ದೇನೆ, ಚಿಂತೆ ಬೇಡ, ಹಣ ಬೇಕಾದರೆ ತಿಳಿಸು ಎಂದು ನಾಲ್ಕೇ ಸಾಲು ಇರುತ್ತಿದ್ದವು. ತಾಯಿ ಪ್ರತಿ ಸಲ ಕೇಳುತ್ತಿದ್ದರು: “ಮಾಳಗಿ ಬಗ್ಗೆ ಏನರ ಬರದಾನೇನ್ರಿ?” ಇಲ್ಲ ಎನ್ನುತ್ತಿದ್ದೆ. ಅವನು ಬರೆದಿರಲಿಲ್ಲ, ಹಾಗಾಗಿ ಅದು ಸುಳ್ಳಲ್ಲ. ಆದರೆ ಅವನು ಏಕೆ ಬರೆದಿಲ್ಲ ಎಂಬುದು ಗೊತ್ತಿದ್ದವನು ನಾನೊಬ್ಬನೇ. ಅವರ ಮುಖ ಬಾಡುವುದನ್ನು ನೋಡಿಯೂ ಬಾಯಿ ಬಿಡಲಿಲ್ಲ. ಮುಂದಿನ ಪತ್ರದಲ್ಲಾದರೂ ಸೇರಿಸಲಿಲ್ಲ. ಸೇರಿಸಿದರೆ ಹಿಂದಿನದು ಬಯಲಾಗುತ್ತದೆಂಬ ಅಂಜಿಕೆ ಆಗಲೇ ಶುರುವಾಗಿತ್ತು.

ಮಳೆಗಾಲದ ನಡುವೆ ಒಂದು ರಾತ್ರಿ ಆ ಮಾಳಿಗೆಯ ಮೂಲೆ ಕುಸಿಯಿತು. ಕುಣಿ ಮಗ್ಗದ ತಗ್ಗು ಕೆಸರು ನೀರಿನಿಂದ ತುಂಬಿತು. ಇಳಕಲ್ ಸೀರೆಯಲ್ಲಿ ಮೈಯ ಹಾಸಿಗೆ ಸೆರಗಿನ ರೇಷ್ಮೆ ಹಾಸನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ತಾಳ್ಮೆ ಬೇಡುವ ಕೆಲಸ. ಅವರು ಆಗಷ್ಟೇ ಕೊಂಡಿ ಮುಗಿಸಿದ್ದ ಹಾಸು ಮಣ್ಣುಪಾಲಾಯಿತು. ನೂಲು ಕೊಟ್ಟ ಮಾಲೀಕರಿಗೆ ಲೆಕ್ಕ ಒಪ್ಪಿಸಬೇಕಿತ್ತು. ಬೆಳಿಗ್ಗೆ ನಾನು ಹೋದಾಗ ಅವರು ಕೆಂಪು ರೇಷ್ಮೆಯ ಎಳೆಗಳನ್ನು ಕೊಡದ ನೀರಿನಲ್ಲಿ ತೊಳೆಯುತ್ತಿದ್ದರು. ನನ್ನ ಮುಖ ನೋಡದೆ ಹೇಳಿದರು: “ಮಗ ಮನಿ ಮರತಾನ್ರಿ ಮಾಸ್ತರ.”

ಆಗಲೂ ನಾನು ನಿಜ ಹೇಳಲಿಲ್ಲ.

ಹುಡುಗ ಆ ಚಳಿಗಾಲದಲ್ಲಿ ರಜೆಗೆ ಬಂದ. ಜನವರಿ 26ಕ್ಕೆ ಶಾಲೆಗೆ ಕರೆಸಿದೆ. ಹಿಂದಿನ ದಿನ ಬಾಡಿಗೆ ವಿಸಿಆರ್ ತಂದು ಮಕ್ಕಳಿಗೆಲ್ಲ ‘ಬಾರ್ಡರ್’ ತೋರಿಸಿದ್ದೆ. ಮೈಕಿನ ಮುಂದೆ ಅವನು ನಿಂತು, “ನಾ ಗುಂಡ ಹಾರ್ಸಿಲ್ರಿ. ಖಚ್ಚರ್ ಮ್ಯಾಲ ರೇಶನ್ನು, ನೀರು, ಮದ್ದುಗುಂಡು ಹೇರಿ ರಾತ್ರಿ ಮ್ಯಾಲ ಒಯ್ತಿದ್ವಿ. ದೀಪ ಹಚ್ಚಂಗಿಲ್ಲ. ಒಂದ್ ರಾತ್ರಿ ನನ್ನ ಮುಂದಿನ ಖಚ್ಚರ್ ಕಾಲು ಜಾರಿ...” ಎಂದವನು ನಿಂತುಬಿಟ್ಟ. ಹೇಸರಗತ್ತೆಯ ಜೊತೆ ಇನ್ಯಾರು ಜಾರಿದರು ಎಂಬುದು ಅವನ ಗಂಟಲಲ್ಲೇ ಉಳಿಯಿತು. ಮಕ್ಕಳು ಗುಸುಗುಸು ಶುರು ಮಾಡಿದರು. ನಾನು ಎದ್ದು ಮೈಕು ತೆಗೆದುಕೊಂಡೆ. ನಮ್ಮ ಯೋಧ ನಾಚಿಕೆಯ ಸ್ವಭಾವದವನು, ಉಳಿದದ್ದು ನಾನು ಹೇಳುತ್ತೇನೆ ಎಂದು ಟ್ಯಾಂಕು, ಗ್ರೆನೇಡು, ಬಾವುಟದ ವರ್ಣನೆಗೆ ತೊಡಗಿದೆ. ಚಪ್ಪಾಳೆ ಬಿತ್ತು. ತಿರುಗಿ ನೋಡಿದರೆ ಅವನ ಕುರ್ಚಿ ಖಾಲಿ. ಮುಂದೆ ಎಷ್ಟೋ ಸಲ ರಜೆಗೆ ಬಂದರೂ, ಮೊದಲು ನಮ್ಮ ಮನೆಯ ಹೊಸ್ತಿಲು ತುಳಿಯುತ್ತಿದ್ದ ಹುಡುಗ ನಮ್ಮ ಓಣಿಯ ಆ ತುದಿಗೆ ಬರಲಿಲ್ಲ.

ನಿವೃತ್ತನಾದ ಮೇಲೆ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾಗ ಹೊರದೇಶದ ಹಳೆಯ ಚಿತ್ರಗಳನ್ನು ನೋಡುವ ಅವಕಾಶ ಸಿಕ್ಕಿತು. ಒಂದು ಮಧ್ಯಾಹ್ನ ‘ಬ್ಯಾಲಡ್ ಆಫ್ ಎ ಸೋಲ್ಜರ್’ ಹಾಕಿದೆ. ಗ್ರಿಗೊರಿ ಚುಖ್ರಾಯ್ ಎಂಬ ನಿರ್ದೇಶಕ 1959ರಲ್ಲಿ ಮಾಡಿದ ರಷ್ಯನ್ ಚಿತ್ರ. ಹತ್ತೊಂಬತ್ತರ ಹುಡುಗ ಅಲ್ಯೋಷಾ ಹೆದರಿಕೆಯಲ್ಲೇ ಎರಡು ಟ್ಯಾಂಕು ಹೊಡೆದುಹಾಕುತ್ತಾನೆ. ಸೇನಾಧಿಕಾರಿ ಪದಕಕ್ಕೆ ಹೆಸರು ಕಳಿಸುತ್ತೇನೆ ಎನ್ನುತ್ತಾನೆ. ಹುಡುಗ ಪದಕದ ಬದಲು ಊರಿಗೆ ಹೋಗಿಬರಲು ಬಿಡಿ ಎಂದು ಬೇಡುತ್ತಾನೆ. ಅವ್ವನ ಪತ್ರ ಬಂದಿದೆ. ಮನೆಯ ಮಾಡು ಸೋರುತ್ತಿದೆ. ಅದನ್ನು ರಿಪೇರಿ ಮಾಡಬೇಕು.

ನಾನು ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದೆ. ಮುಂದೆ ನೋಡಲು ಆಗಲಿಲ್ಲ.

ಮರುದಿನ ಪೂರ್ತಿ ನೋಡಿದೆ. ಆ ಅಧಿಕಾರಿ ಹುಡುಗನಿಗೆ ಆರು ದಿನ ಕೊಡುತ್ತಾನೆ. ಹೋಗಲು ಎರಡು, ಬರಲು ಎರಡು, ಮಾಡಿಗೆ ಎರಡು. ಹುಡುಗ ದಾರಿಯಲ್ಲಿ ಸಿಕ್ಕವರಿಗೆಲ್ಲ ನೆರವಾಗುತ್ತ ದಿನ ಕಳೆದುಕೊಳ್ಳುತ್ತಾನೆ. ತಾಯಿ ಹೊಲದಿಂದ ಓಡೋಡಿ ಬಂದು ಅಪ್ಪಿಕೊಳ್ಳುವಷ್ಟರಲ್ಲಿ ಅವನು ಹೊರಡುವ ಹೊತ್ತಾಗಿರುತ್ತದೆ. ಮಾಡು ಹಾಗೆಯೇ ಉಳಿಯುತ್ತದೆ. ಅವನು ಮತ್ತೆ ಬರುವುದಿಲ್ಲ. ಎಲ್ಲಿಯ ರಷ್ಯಾ, ಎಲ್ಲಿಯ ಇಳಕಲ್ಲು. ಅಲ್ಲಿನ ತಾಯಿಯ ಪತ್ರದಲ್ಲೂ ಸೋರುವ ಮನೆಯ ಮಾತೇ ಇತ್ತು. ಅವಳ ಪತ್ರವನ್ನು ನನ್ನಂಥವನು ಬರೆದುಕೊಟ್ಟಿದ್ದರೆ ಆ ಕತೆ ಶುರುವಾಗುತ್ತಲೇ ಇರಲಿಲ್ಲ.

ಅದೇ ವಾರ 1930ರ ‘ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ನೋಡಿದೆ. ರಜೆಗೆ ಬಂದ ಪೌಲ್ ಎಂಬ ಸೈನಿಕನನ್ನು ಅವನ ಮೇಷ್ಟ್ರು ತರಗತಿಯಲ್ಲಿ ನಿಲ್ಲಿಸಿ ಶೌರ್ಯದ ಮಾತಾಡು ಎಂದು ಒತ್ತಾಯಿಸುವ ದೃಶ್ಯವಿದೆ. ಪೌಲ್‌ಗೆ ಆ ಮಾತು ಬರುವುದಿಲ್ಲ. ಆ ಮೇಷ್ಟ್ರ ಮುಖದಲ್ಲಿ ನಾನು ನನ್ನನ್ನೇ ಕಂಡೆ. ಅಲ್ಲಿ ಪೌಲ್ ಕೊನೆಗೂ ತನಗನಿಸಿದ್ದನ್ನು ಹೇಳಿಬಿಡುತ್ತಾನೆ. ನಾನು ನನ್ನ ವಿದ್ಯಾರ್ಥಿಗೆ ಅಷ್ಟನ್ನೂ ಉಳಿಸಿರಲಿಲ್ಲ.

ಇಳಕಲ್ಲಿಗೆ ಮರಳಿದವನು ನೇರ ಅವರ ಮನೆಗೆ ಹೋದೆ. ಹುಡುಗ ಸೇವೆ ಮುಗಿಸಿ ಬಂದಿದ್ದ. ಮಣ್ಣಿನ ಮಾಳಿಗೆ ಹೋಗಿ ಸ್ಲ್ಯಾಬ್ ಬಂದಿತ್ತು. ತಾಯಿ, ಮಗ ಇಬ್ಬರನ್ನೂ ಕೂಡಿಸಿ ಎಲ್ಲ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಅದು ಅವ್ವನ ಮಾತಲ್ಲಂತ ಮೊದಲನೇ ಪತ್ರಕ್ಕಽ ಗೊತ್ತಾಗಿತ್ರಿ ಸರ್. ನಿಮ್ಮ ಅಕ್ಷರ ನೋಡಿ ಓಣಿ ನೆನಪಾಗ್ತಿತ್ತು. ಆದ್ರ ಪತ್ರದಾಗ ಅವ್ವ ಎಲ್ಲೂ ಸಿಗ್ತಿರಲಿಲ್ಲ” ಎಂದ. ಸ್ವಲ್ಪ ತಡೆದು ತಾಯಿಯ ಕಡೆ ತಿರುಗಿದ. “ಮಾಳಗಿ ಸೋರಿದ್ದು ನನಗ ಗೊತ್ತಽ ಇರಲಿಲ್ಲ ಬೇ. ಗೊತ್ತಿದ್ರ ಮನಿ ಆರ್ಡರ್ ಮಾಡ್ತಿರಲಿಲ್ಲೇನು?”

ಅವರಿಬ್ಬರ ನಡುವೆ ಅಷ್ಟು ವರ್ಷ ನಿಂತಿದ್ದ ಅಡ್ಡಗೋಡೆ ನನ್ನ ಕೈಯಿಂದ ಕಟ್ಟಿದ್ದು. ತಾಯಿ ಕಣ್ಣೊರೆಸಿಕೊಂಡು ಹೇಳಿದ್ದು ಇಷ್ಟೇ: “ಇರ್ಲಿ ಬಿಡ್ರಿ. ಅಂಟಸೂಕಿಂತ ಮೊದಲ ಒಮ್ಮಿ ನನಗ ಓದಿ ಹೇಳಿದ್ರ ಆಗಿತ್ತು.”

ಯುದ್ಧದ ಚಿತ್ರಗಳನ್ನು ನಾನು ಬಿಟ್ಟಿಲ್ಲ. ಪ್ರೀತಿ ಕಡಿಮೆಯೂ ಆಗಿಲ್ಲ. ಆದರೆ ಮೆಚ್ಚಿನ ದೃಶ್ಯ ಯಾವುದು ಎಂದು ಮಕ್ಕಳು ಕೇಳಿದರೆ ಈಗ ಬೇರೆ ದೃಶ್ಯ ಹೇಳುತ್ತೇನೆ. ಸ್ಪೀಲ್‌ಬರ್ಗ್ ಅವರ 1998ರ ‘ಸೇವಿಂಗ್ ಪ್ರೈವೇಟ್ ರಯಾನ್’ ಎಂದರೆ ಎಲ್ಲರೂ ಕಡಲತೀರದ ಕಾಳಗ ನೆನೆಯುತ್ತಾರೆ. ನಾನು ಅಡುಗೆಮನೆಯ ಕಿಟಕಿಯ ಬಳಿ ಪಾತ್ರೆ ತೊಳೆಯುವ ತಾಯಿಯನ್ನು ತೋರಿಸುತ್ತೇನೆ. ಹೊಲದ ದಾರಿಯಲ್ಲಿ ಧೂಳೆಬ್ಬಿಸಿಕೊಂಡು ಒಂದು ಕಾರು ಬರುತ್ತದೆ. ಅವಳು ಬಾಗಿಲಿಗೆ ಬರುತ್ತಾಳೆ. ಇಳಿದವರಲ್ಲಿ ಪಾದ್ರಿಯನ್ನು ಕಂಡೊಡನೆ ಕಾಲಲ್ಲಿ ಬಲ ಉಡುಗಿ ನೆಲಕ್ಕೆ ಕುಸಿಯುತ್ತಾಳೆ. ಅವಳ ಬಾಯಿಂದ ಒಂದು ಮಾತೂ ಇಲ್ಲ. ಮಾತು ಹಾಕಬಹುದಾದ ಕಡೆ ಸುಮ್ಮನಿರಬಲ್ಲವನೇ ದೊಡ್ಡ ನಿರ್ದೇಶಕ. ಆ ಜನವರಿ 26ರಂದು ನನಗೆ ಬೇಕಾಗಿದ್ದದ್ದು ಅದೇ ಗುಣ. ಹುಡುಗ ಮೈಕಿನ ಮುಂದೆ ಮೌನವಾಗಿ ನಿಂತ ಆ ಎರಡು ನಿಮಿಷವನ್ನು ಮಕ್ಕಳು ಹಾಗೆಯೇ ನೋಡಲಿ ಎಂದು ನಾನು ಬಿಡಬೇಕಿತ್ತು.

2016ರಲ್ಲಿ ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಹೂತು ಜೀವಂತ ಸಿಕ್ಕಾಗ, ಉಳಿಯಲಿ ಎಂದು ನಾಡೇ ಬೇಡಿಕೊಂಡಿತು. ಫೆಬ್ರವರಿ 11ರಂದು ಅವರು ತೀರಿಕೊಂಡರು. ಅಲ್ಲಿ ಶತ್ರುವಿನ ಗುಂಡು ಇರಲಿಲ್ಲ. ಹಿಮವಿತ್ತು, ಕಾಯುವ ಕೆಲಸವಿತ್ತು. ಅಂದು ನಮ್ಮ ಓಣಿಯ ಹುಡುಗ ನನ್ನ ಜೊತೆ ಕೂತು ಟಿ.ವಿ. ನೋಡುತ್ತ, 2000ದಲ್ಲಿ ನಿಲ್ಲಿಸಿದ್ದ ಮಾತನ್ನು ಮುಂದುವರಿಸಿದ. ಆ ರಾತ್ರಿ ಹೇಸರಗತ್ತೆಯ ಹಗ್ಗ ಹಿಡಿದಿದ್ದವನು ಯಾರು, ಅವನ ಊರಲ್ಲಿ ಯಾರಿದ್ದರು ಎಂದು ಹೇಳಿದ. ನಾನು ನಡುವೆ ಬಾಯಿ ಹಾಕಲಿಲ್ಲ. ಅದು ಅವನ ಕತೆ. ಇಲ್ಲಿ ಬರೆಯುವುದೂ ಇಲ್ಲ.

ಈಗಲೂ ಓಣಿಯ ಹಿರಿಯರು ಅರ್ಜಿ, ಪಿಂಚಣಿ ಕಾಗದ ಬರೆಸಲು ಬರುತ್ತಾರೆ. ಅವರು ಹೇಳಿದ್ದನ್ನು ಹೇಳಿದಂತೆ ಬರೆದು, ಸಹಿಗೆ ಮೊದಲು ದೊಡ್ಡ ದನಿಯಲ್ಲಿ ಓದುತ್ತೇನೆ.

ಈ ಬರಹವನ್ನೂ ಮೊನ್ನೆ ಆ ಮನೆಗೆ ಒಯ್ದು ಓದಿದೆ. ತಾಯಿಗೆ ಕಿವಿ ಮಂದವಾಗಿದೆ, ಹತ್ತಿರ ಕೂತು ನಿಧಾನ ಓದಬೇಕಾಯಿತು. ನಾನು ಮೊದಲು ‘ಹೋರಿಗರ’ ಎಂದು ಬರೆದಿದ್ದೆ. ಅಲ್ಲಿ ಕೈಯೆತ್ತಿ ತಡೆದರು. “ಹೆಣ್ಗರ ಅದು, ಮಾಸ್ತರ. ಅದರ ಹಾಲು ಎಂಟ್ ವರ್ಷ ಉಂಡೀವಿ.”

ತಿದ್ದಿಕೊಂಡೆ.