ಎಂಟು ಹುಟ್ಟಿನ ಟೈರು

ಗಾಡಿ ಒಂದೇ, ಹಿಂದಿನ ಟೈರು ಮಾತ್ರ ಮೂರು ಜೊತೆ. ಅರಿಜೋನಾದ ಚಾಂಡ್ಲರಿನಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ ಅವು ಗೋಡೆಗೊರಗಿ ನಿಂತಿರುತ್ತವೆ. ಶುಕ್ರವಾರ ಸಂಜೆ ನಾನು ಯಾವ ಜೊತೆಗೆ ಕೈ ಹಾಕಿದೆ ಎಂದು ನೋಡಿದರೆ ಸಾಕು, ಶನಿವಾರ ಎಲ್ಲಿರುತ್ತೇನೆಂದು ಮನೆಯವರಿಗೆ ಗೊತ್ತಾಗುತ್ತದೆ.

ಗಾಡಿ ಹೋಂಡಾದ ಟಿಆರ್‌ಎಕ್ಸ್ 400ಇಎಕ್ಸ್, ರಸ್ತೆಯಿಲ್ಲದ ನೆಲದಲ್ಲಿ ಓಡಿಸುವ ನಾಲ್ಕು ಚಕ್ರದ ಸ್ಪೋರ್ಟ್ ಎಟಿವಿ. ಬೈಕಿನಂತೆ ಎರಡೂ ಬದಿಗೆ ಕಾಲು ಹಾಕಿ ಕೂರಬೇಕು, ಹ್ಯಾಂಡಲ್ ಹಿಡಿಯಬೇಕು, ಆದರೆ ಥ್ರಾಟಲ್ ತಿರುಚುವುದಲ್ಲ, ಬಲಗೈ ಹೆಬ್ಬೆರಳಿನಿಂದ ಒತ್ತುವುದು. 1999ರ ಮಾಡೆಲ್ ಆಗಿ ಮೊದಲು ಬಂದದ್ದು. 397 ಸಿಸಿ, ಒಂದೇ ಸಿಲಿಂಡರ್, ಗಾಳಿಯಿಂದಲೇ ತಣಿಯುವ ಎಂಜಿನ್. ಇದಕ್ಕಿಂತ ಬಲವಾದ ಗಾಡಿಗಳು ಎಷ್ಟೋ ಇವೆ. ಇಷ್ಟು ಸುಲಭವಾಗಿ ಒಬ್ಬನೇ ಕೂತು ಬಿಚ್ಚಿ ಜೋಡಿಸಬಹುದಾದದ್ದನ್ನು ನಾನು ಕಂಡಿಲ್ಲ.

ಮೊದಲ ವರ್ಷ ನನ್ನ ಗಮನವೆಲ್ಲ ಎಂಜಿನ್ ಮೇಲೆ. ಏರ್ ಬಾಕ್ಸಿನ ಮುಚ್ಚಳ ತೆಗೆದೆ, ಸೈಲೆನ್ಸರ್ ಬದಲಿಸಿದೆ. ಹೆಚ್ಚು ಗಾಳಿ ಒಳಗೆ ಹೋದರೆ ಅದಕ್ಕೆ ತಕ್ಕ ಪೆಟ್ರೋಲೂ ಹೋಗಬೇಕು, ಇಲ್ಲದಿದ್ದರೆ ಎಂಜಿನ್ ಕಾದು ಪಿಸ್ಟನ್ ಸುಡುತ್ತದೆ. ಹಾಗಾಗಿ ಕಾರ್ಬುರೇಟರಿನಲ್ಲಿ ಪೆಟ್ರೋಲು ಬಿಡುವ ಮೇನ್ ಜೆಟ್ ಬದಲಿಸಬೇಕು. ಹಿತ್ತಾಳೆಯ ಆ ಪುಟ್ಟ ತೂತನ್ನು ಬೆಳಕಿಗೆ ಹಿಡಿದು ನೋಡುವುದರಲ್ಲಿ ನನಗೊಂದು ಸುಖವಿದೆ. ಜೋರಾಗಿ ಒಂದು ಸುತ್ತು ಓಡಿಸಿ, ತಟ್ಟನೆ ಎಂಜಿನ್ ನಿಲ್ಲಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುತ್ತೇನೆ. ಬೆಳ್ಳಗಿದ್ದರೆ ಪೆಟ್ರೋಲು ಸಾಲದು, ಮಸಿ ಹಿಡಿದಿದ್ದರೆ ಹೆಚ್ಚಾಗಿದೆ. ಹುರಿಹಿಟ್ಟಿನ ಬಣ್ಣ ಕಂಡ ದಿನ ಊಟ ರುಚಿಸುತ್ತದೆ.

ಆ ಎಂಜಿನ್ನನ್ನು ನಂಬಿಕೊಂಡೇ ಮೊದಲ ಸಲ ಮರಳುದಿಬ್ಬಗಳ ಗ್ಲ್ಯಾಮಿಸ್‌ಗೆ ಹೋದೆ. ಯೂಮಾ ಊರು ದಾಟಿ ಕ್ಯಾಲಿಫೋರ್ನಿಯಾದ ಆಗ್ನೇಯ ಮೂಲೆಗೆ ಹೋದರೆ ಇಂಪೀರಿಯಲ್ ಮರಳುದಿಬ್ಬಗಳು, 60 ಕಿಲೋಮೀಟರಿಗೂ ಉದ್ದಕ್ಕೆ ಬರೀ ಮರಳು. ಬೇಸಿಗೆಯಲ್ಲಿ ಕಾಲಿಡಲಾಗದು. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಜನವೋ ಜನ. ದಿಬ್ಬದ ಆಚೆಯಿಂದ ಬರುವವರಿಗೆ ಕಾಣಲೆಂದು ಪ್ರತಿ ಗಾಡಿಗೂ ನೆಲದಿಂದ 8 ಅಡಿ ಎತ್ತರಕ್ಕೆ ಬಾವುಟ ಕಟ್ಟಬೇಕು. ಬೆಳಗಿನ ಬೆಳಕಲ್ಲಿ ಬರೀ ಬಾವುಟಗಳು ದಿಬ್ಬದ ನೆತ್ತಿಯಲ್ಲಿ ಓಡುವುದನ್ನು ನೋಡಬೇಕು.

ನನ್ನ ಬಾವುಟ ಓಡಲಿಲ್ಲ. ಕಂಪನಿ ಕೊಟ್ಟ ಗುಬಟು ಗುಬಟಿನ ಟೈರು ಗಟ್ಟಿ ನೆಲವನ್ನು ಕಚ್ಚುವುದಕ್ಕೆ ಮಾಡಿದ್ದು. ಮರಳಿನಲ್ಲಿ ಕಚ್ಚಲು ಏನಿದೆ? ಹೆಬ್ಬೆರಳು ಒತ್ತಿದಷ್ಟೂ ಚಕ್ರ ಗುಂಡಿ ತೋಡಿಕೊಂಡು ಇಳಿಯಿತು, ಆಕ್ಸಲ್ ಮರಳಿಗೆ ತಾಗಿತು. ಜೆಟ್ಟು, ಸೈಲೆನ್ಸರು ಎಲ್ಲದರ ಬಲ ಆ ಗುಂಡಿ ತೋಡುವುದಕ್ಕೇ ಹೋಯಿತು. ಪಕ್ಕದ ಡೇರೆಯ ಹಿರಿಯರೊಬ್ಬರು ಏನೂ ಹೇಳದೆ ತಮ್ಮ ಟ್ರೇಲರಿನಿಂದ ಎರಡು ಚಕ್ರ ಉರುಳಿಸಿಕೊಂಡು ಬಂದರು. ಅವರದ್ದೂ ಹೋಂಡಾ, ನಟ್ಟು ಸರಿಹೊಂದಿತು.

ಪ್ಯಾಡಲ್ ಟೈರನ್ನು ನಾನು ಹತ್ತಿರದಿಂದ ನೋಡಿದ್ದು ಆಗಲೇ. ನುಣ್ಣನೆಯ ಟೈರಿನ ಮೈಗೆ ಅಡ್ಡಡ್ಡವಾಗಿ ಎಂಟು ರಬ್ಬರ್ ಹಲಗೆ, ಒಂದೊಂದೂ ಬೊಗಸೆಯಂತೆ ಬಾಗಿದೆ. ಅದು ನೆಲ ಕಚ್ಚುವುದಿಲ್ಲ. ದೋಣಿಯ ಹುಟ್ಟು ನೀರನ್ನು ತಳ್ಳುವಂತೆ ಮರಳನ್ನು ಹಿಂದಕ್ಕೆ ತಳ್ಳುತ್ತದೆ. ರಾತ್ರಿ ಅಪ್ಪನಿಗೆ ಫೋಟೋ ಕಳಿಸಿದೆ. ಮದ್ದೂರಿನಿಂದ ತಕ್ಷಣ ಫೋನು: "ಇದು ನಮ್ ಟ್ರ್ಯಾಕ್ಟರ್ ಕೇಜ್ ವೀಲ್ ಕಣ್ಲಾ!" ಹೌದಲ್ಲ. ನಾಟಿಗೆ ಮುಂಚೆ ಕೆಸರುಗದ್ದೆಯಲ್ಲಿ ಹೂತುಹೋಗದಂತೆ ಟ್ರ್ಯಾಕ್ಟರಿಗೆ ಹಾಕುತ್ತಿದ್ದ ಕಬ್ಬಿಣದ ಚಕ್ರ. ಅದನ್ನು ಟಾರು ರಸ್ತೆಗೆ ಇಳಿಸಿದರೆ ರಸ್ತೆ ಹಾಳು. ಇದನ್ನು ಗಟ್ಟಿ ನೆಲಕ್ಕೆ ಇಳಿಸಿದರೆ ಹಲಗೆ ಹಾಳು.

ಅಲ್ಲಿಂದ ನನ್ನ ಲೆಕ್ಕ ನೆಲದಿಂದ ಶುರುವಾಯಿತು. ಹಲಗೆ ಹೆಚ್ಚಿದ್ದಷ್ಟು ಒಳ್ಳೆಯದೆಂದುಕೊಂಡು ಹತ್ತರದ್ದು ಹಾಕಿ ನೋಡಿದ್ದೇನೆ. ತಳ್ಳುವ ಮರಳು ಹೆಚ್ಚಾಗಿ 400ರ ಎಂಜಿನ್ ಏದುಸಿರು ಬಿಟ್ಟಿತು. ಎಂಟೇ ಇದಕ್ಕೆ ಸರಿ. ಜೊತೆಗೆ ಮುಂದಿನ ಸ್ಪ್ರಾಕೆಟ್ 15 ಹಲ್ಲಿನದ್ದು ತೆಗೆದು 14ರದ್ದು ಹಾಕಿದೆ. ಆ ಒಂದು ಹಲ್ಲಿನಿಂದ ಎಳೆತ ಶೇ. 7ರಷ್ಟು ಹೆಚ್ಚುತ್ತದೆ, ಅಷ್ಟೇ ವೇಗ ಕಡಿಮೆಯಾಗುತ್ತದೆ. ಕೆಲವೇ ಡಾಲರಿನ ಈ ತುಂಡು ಕಬ್ಬಿಣ ಕೊಟ್ಟದ್ದನ್ನು ದುಬಾರಿ ಸೈಲೆನ್ಸರ್ ಕೊಡಲಿಲ್ಲ. ಓಲ್ಡ್ಸ್‌ಮೊಬೈಲ್ ಹಿಲ್ ಎಂಬ ದೊಡ್ಡ ದಿಬ್ಬ ಹತ್ತುವಾಗ ಇದು ತಿಳಿಯುತ್ತದೆ. ನಡುವೆ ಗೇರ್ ಇಳಿಸಲು ಹೋದರೆ ಆ ಅರೆಕ್ಷಣದಲ್ಲೇ ಓಟ ಸತ್ತು ಗಾಡಿ ನಿಂತುಬಿಡುತ್ತದೆ. ಮೂರನೇ ಗೇರೇ ನೆತ್ತಿಯವರೆಗೂ ಎಳೆಯಬೇಕು. ಎಳೆದಾಗ ಎಂಜಿನ್ ದನಿ ಕುಗ್ಗದೆ ಒಂದೇ ಶ್ರುತಿಯಲ್ಲಿ ನಿಲ್ಲುತ್ತದೆ, ಹಿಂದೆ ಮರಳು ಕಾರಂಜಿಯಂತೆ ಏಳುತ್ತದೆ. ನೆತ್ತಿಯ ಹತ್ತಿರ ಮಾತ್ರ ನಿಧಾನಿಸಲೇಬೇಕು. ಗಾಳಿಮರೆಯ ಆಚೆ ಬದಿ ಕಡಿದು ಇಳಿದಿರುತ್ತದೆ.

ಮುಂಚಕ್ರಕ್ಕೆ ನಡುವೆ ಒಂದೇ ಏಣಿರುವ ನುಣ್ಣನೆಯ ಟೈರು, ದೋಣಿಯ ಚುಕ್ಕಾಣಿಯಂತೆ. ಹಿಂದಿನ ಮೂರು ಜೊತೆಯಲ್ಲಿ ಇನ್ನೊಂದು 18 ಇಂಚಿನದ್ದು, ಮೋಟೋಕ್ರಾಸ್ ಟ್ರ್ಯಾಕಿಗೆ. ಗಾಡಿ ತಗ್ಗಿ ತಿರುವಿನಲ್ಲಿ ಮಗುಚುವ ಭಯ ಕಡಿಮೆ. ಮಗದೊಂದು ದಪ್ಪ ಪದರಗಳ 20 ಇಂಚಿನದ್ದು, ಫ್ಲ್ಯಾಗ್‌ಸ್ಟಾಫಿನ ಪೈನ್ ಕಾಡಿನ ಕಲ್ಲುದಾರಿಗೆ. ಅಲ್ಲಿ ಎತ್ತರ ಸುಮಾರು 2,100 ಮೀಟರ್, ಗಾಳಿ ತೆಳು. ಗ್ಲ್ಯಾಮಿಸ್‌ನ ಜೆಟ್ಟು ಅಲ್ಲಿ ಪ್ಲಗ್ಗಿಗೆ ಮಸಿ ಹಿಡಿಸುತ್ತದೆ, ಚಿಕ್ಕದು ಹಾಕಬೇಕು. ಹೈ ಕಂಪ್ರೆಶನ್ ಪಿಸ್ಟನ್ ಹಾಕಿಸೆಂದು ಗೆಳೆಯರು ಒತ್ತಾಯಿಸುತ್ತಾರೆ. ಮರುಭೂಮಿಯ ಬಿಸಿಲಲ್ಲಿ ಗಾಳಿಯನ್ನೇ ನಂಬಿದ ಎಂಜಿನ್‌ಗೆ ಇನ್ನಷ್ಟು ಶಾಖ ಹೊರಿಸಲು ನನಗೆ ಮನಸ್ಸಿಲ್ಲ.

ಕಳೆದ ಡಿಸೆಂಬರಿನಲ್ಲಿ ಅಪ್ಪ ಬಂದಿದ್ದರು. ಗ್ಲ್ಯಾಮಿಸ್‌ನಲ್ಲಿ ಚಳಿಗೆ ಮಫ್ಲರ್ ಸುತ್ತಿಕೊಂಡು, ನಾನು ಗಾಳಿ ಅಳೆಯುವುದನ್ನೇ ನೋಡುತ್ತಿದ್ದರು. ಈ ಟೈರಿಗೆ ಐದೋ ಆರೋ ಪಿಎಸ್‌ಐ ಸಾಕು, ಕಾರಿನ ಗೇಜಿನಲ್ಲಿ ಅದು ಸರಿಯಾಗಿ ಕಾಣದು. ಬೇರೆಯದೇ ಗೇಜು ಬೇಕು. ಅಪ್ಪ ಕುಕ್ಕರುಗಾಲಲ್ಲಿ ಕೂತು, ಒಂದು ಹಲಗೆಯ ಬೊಗಸೆಯೊಳಗೆ ಕೈಯಿಟ್ಟು ಅದು ಯಾವ ಕಡೆಗೆ ಬಾಗಿದೆಯೆಂದು ನೋಡಿದರು. ಎದ್ದು ಆ ಬದಿಗೆ ಹೋಗಿ ಇನ್ನೊಂದು ಚಕ್ರದ್ದನ್ನೂ ನೋಡಿದರು.

"ಎಡದ್ದು ಬಲದ್ದು ಸರಿಯಾಗೈತೆ," ಅಂದರು. "ಹೊಡಿ."