ಸಾಸಿವೆ ಡಬ್ಬಿಯ ಗುಟ್ಟು

ಕನ್ನಡನಾಡಿನ ಅಡಿಗೆಮನೆಗಳಲ್ಲಿ ಸಾಸಿವೆ ಡಬ್ಬಿಗೆ ಎರಡು ಉದ್ಯೋಗಗಳುಂಟು. ಮೊದಲನೆಯದನ್ನು ಒಗ್ಗರಣೆಯ ಚಟಪಟ ಸದ್ದು ಬೀದಿಗೆಲ್ಲ ಸಾರುತ್ತದೆ. ಎರಡನೆಯದು ಮನೆಯೊಡತಿಗೆ ಮಾತ್ರ ಗೊತ್ತು. ತರಕಾರಿಯಲ್ಲಿ ಉಳಿಸಿದ ಚಿಲ್ಲರೆ, ತವರಿನವರು ಅರಿಸಿನ ಕುಂಕುಮಕ್ಕೆಂದು ಕೊಟ್ಟ ಹಣ, ಹಪ್ಪಳ ಸಂಡಿಗೆ ಮಾರಿ ಬಂದ ನೋಟು, ಎಲ್ಲವೂ ಆ ಕರಿಯ ಕಾಳುಗಳ ಅಡಿಯಲ್ಲಿ ಸದ್ದಿಲ್ಲದೆ ಸೇರುತ್ತವೆ. ಈ ಬ್ಯಾಂಕಿನಲ್ಲಿ ಬಡ್ಡಿಯಿಲ್ಲ. ಆದರೆ ಹಣ ತೆಗೆಯಲು ಯಾರ ರುಜುವೂ ಬೇಕಿಲ್ಲ.

2016ರ ನವೆಂಬರ್ 8ರ ರಾತ್ರಿ ಈ ಗುಟ್ಟಿಗೆ ಕುತ್ತು ಬಂತು. 500 ಮತ್ತು 1000 ರೂಪಾಯಿಗಳ ನೋಟುಗಳು ಮಧ್ಯರಾತ್ರಿಯಿಂದ ಚಲಾವಣೆಯಲ್ಲಿರುವುದಿಲ್ಲವೆಂದು ಪ್ರಧಾನಿಯವರು ದೂರದರ್ಶನದಲ್ಲಿ ಸಾರಿದರು. ಮೈಸೂರಿನ ಒಂದು ಮನೆಯಲ್ಲಿ ಗಂಡಸರು ಜೇಬು ತಡವಿಕೊಂಡರು. ಅರವತ್ತು ದಾಟಿದ ಗೃಹಿಣಿ ಮಾತ್ರ ಎದ್ದು ಅಡಿಗೆಮನೆಗೆ ಹೋದರು.

ಎರಡು ದಿನ ಅವರಿಗೆ ಊಟ ಸೇರಲಿಲ್ಲ. ಡಿಸೆಂಬರ್ 30ರೊಳಗೆ ಬ್ಯಾಂಕಿಗೆ ಕಟ್ಟದಿದ್ದರೆ ಹಣ ಬರಿಯ ಕಾಗದ. ಕಟ್ಟಹೊರಟರೆ ಗುಟ್ಟು ರಟ್ಟು. ಮೂರನೆಯ ದಿನ ಡಬ್ಬಿಯನ್ನು ತಂದು ಯಜಮಾನರ ಮುಂದೆಯೇ ಮೊರಕ್ಕೆ ಸುರಿದರು. ಎಣಿಸಿದಾಗ ನಲವತ್ತಾರು ಸಾವಿರವಾಯಿತು.

“ಏನೇ ಇದು? ನನ್ನ ಮನೆಯಲ್ಲಿ ನನಗೇ ತಿಳಿಯದೆ ಇಷ್ಟು ಹಣವೆ? ನಿನಗೆ ನಾನೇನು ಕಡಿಮೆ ಮಾಡಿದ್ದೆ?”

ಅವರ ದನಿಯಲ್ಲಿ ಕೋಪಕ್ಕಿಂತ ನೋವು ಹೆಚ್ಚಾಗಿತ್ತು. ಮೂವತ್ತೈದು ವರ್ಷ ಸಂಬಳವನ್ನು ಪೈಸೆ ಬಿಡದೆ ಸಂಸಾರಕ್ಕೆ ಸುರಿದವರು ಅವರು.

“ಏನೂ ಕಡಿಮೆ ಮಾಡಲಿಲ್ಲ ರೀ. ನಮ್ಮಮ್ಮ ಹಾಸಿಗೆ ಹಿಡಿದಾಗ ಔಷಧಿಗೆಂದು ಇನ್ನೂರು ರೂಪಾಯಿ ಕೇಳಿದೆ. ಕೊಟ್ಟಿರಿ. ಆದರೆ ಕೊಡುವುದಕ್ಕೆ ಮೊದಲು ‘ಯಾಕೆ’ ಎಂದು ಮೂರು ಸಲ ಕೇಳಿದಿರಿ. ನಾಲ್ಕನೆಯ ಸಲ ಕೇಳಿಸಿಕೊಳ್ಳಬಾರದೆಂದು ಅಂದಿನಿಂದ ಕೂಡಿಟ್ಟೆ.”

ಯಜಮಾನರು ಮಾತಾಡಲಿಲ್ಲ. ಮಗ ಮಧ್ಯೆ ಬಂದ: “ಹೋಗಲಿ ಬಿಡಮ್ಮ, ನನ್ನ ಖಾತೆಗೆ ಕಟ್ಟಿಬಿಡೋಣ.”

ತಾಯಿ ಉತ್ತರಿಸದೆ ಸೊಸೆಯ ಕಡೆ ತಿರುಗಿದರು. ಆಕೆ ಶಾಲೆಯಲ್ಲಿ ಉಪಾಧ್ಯಾಯಿನಿ. ತಿಂಗಳು ತಿಂಗಳೂ ಸಂಬಳ ಬರುತ್ತದೆ.

“ನಿನ್ನ ಬ್ಯಾಂಕಿನ ಕಾರ್ಡು ಎಲ್ಲಿದೆಯಮ್ಮ?”

“ಅವರ ಹತ್ತಿರ ಇದೆ, ಅತ್ತೆ.”

ಬಸ್ಸಿನ ಹಣಕ್ಕೂ ಸೊಸೆ ಪ್ರತಿ ಸೋಮವಾರ ಗಂಡನ ಮುಂದೆ ನಿಲ್ಲುವುದನ್ನು ಅತ್ತೆ ನೋಡದವರಲ್ಲ. ಹಪ್ಪಳ ಮಾರಿದ ತಮಗೆ ಒಂದು ಡಬ್ಬಿಯಾದರೂ ಇತ್ತು. ಪದವಿ ಪಡೆದು ದುಡಿಯುವ ಈ ಹುಡುಗಿಗೆ ಅದೂ ಇಲ್ಲವೆಂಬುದು ಅಂದು ಅವರ ಮನಸ್ಸಿಗೆ ನಾಟಿತು.

ಕಾನೂನು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಹಿಂದೂ ಸ್ತ್ರೀಯರ ಹಕ್ಕುಗಳಿಗಾಗಿ ಮೈಸೂರು ಸಂಸ್ಥಾನವು 1933ರಲ್ಲಿಯೇ ಶಾಸನ ಮಾಡಿತ್ತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 14ನೆಯ ಕಲಮು ಹೆಣ್ಣು ತನ್ನ ಕೌಶಲ್ಯದಿಂದ, ಪರಿಶ್ರಮದಿಂದ ಗಳಿಸಿದ ಆಸ್ತಿಗೆ ಅವಳೇ ಪೂರ್ಣ ಒಡತಿಯೆಂದಿತು. 2005ರ ತಿದ್ದುಪಡಿಯು ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ನೀಡಿತು. ಆದರೆ ಯಾವ ಕಲಮೂ ಅಡಿಗೆಮನೆಯ ಹೊಸ್ತಿಲು ದಾಟಿ ‘ಯಾಕೆ’ ಎಂಬ ಪ್ರಶ್ನೆಯನ್ನು ತಡೆಯಲಾರದು. ದುಡಿಯುವ ಹಕ್ಕು ಸಿಕ್ಕಮಾತ್ರಕ್ಕೆ ದುಡಿದದ್ದನ್ನು ಮುಟ್ಟುವ ಹಕ್ಕು ಸಿಕ್ಕಂತಲ್ಲ. ಕೇಳಿ ಪಡೆಯುವ ಹಣ ಎಷ್ಟೇ ಇದ್ದರೂ ಅದು ಕೊಡುವವನ ಹಣವೇ.

ಮರುದಿನ ಬ್ಯಾಂಕಿನ ಸಾಲಿನಲ್ಲಿ ಗಂಡ ಹೆಂಡತಿ ಜೊತೆಯಾಗಿ ನಿಂತರು. ಅವರ ಮುಖದ ಬಿಗುವು ಇನ್ನೂ ಸಡಿಲವಾಗಿರಲಿಲ್ಲ. ಆದರೂ ಹೆಂಡತಿಗೆ ಕಾಲುನೋವೆಂದು ಮನೆಯಿಂದ ಮಡಚುವ ಕುರ್ಚಿ ತಂದಿದ್ದರು. ಅರ್ಜಿ ತುಂಬುವಾಗ, “ಇಬ್ಬರ ಹೆಸರಿನಲ್ಲೂ ಮಾಡಿಸಬಹುದಲ್ಲ?” ಎಂದರು ಮೆಲ್ಲಗೆ.

“ನಾಮಿನಿ ಅಂತ ನಿಮ್ಮ ಹೆಸರೇ ಬರೆಸುತ್ತೇನೆ. ಖಾತೆ ಮಾತ್ರ ನನ್ನದಿರಲಿ.”

ಯಜಮಾನರು ನಕ್ಕುಬಿಟ್ಟರು, ಬಿಗುವು ಅಲ್ಲಿಗೆ ಅರ್ಧ ಕರಗಿತು.

ಡಿಸೆಂಬರ್ ಮೊದಲ ದಿನ ಸೊಸೆ ಗಂಡನ ಮುಂದೆ ಕೈಚಾಚಿದಳು. ಈ ಸಲ ಬಸ್ಸಿನ ಹಣಕ್ಕಲ್ಲ, ತನ್ನ ಕಾರ್ಡಿಗೆ.

“ಯಾಕೆ?” ಎಂದ ಅವನು.

ಉತ್ತರ ಅಡಿಗೆಮನೆಯಿಂದ ಬಂತು: “ಆ ಪ್ರಶ್ನೆ ಈ ಮನೆಯಲ್ಲಿ ಮುಗಿಯಿತು ಕಣೋ.”